ಅಟ್ಟದ ಮೇಲಿನ ಕೋಲು

ಕೋಲನ್ನು ಅಟ್ಟದ ಮೇಲಿಟ್ಟವಳು ನಾನೇ. ಬೇರೆ ಯಾರ ಮೇಲೂ ಹೊರಿಸಲು ಬರುವುದಿಲ್ಲ. ಏಣಿ ಹತ್ತಿದ್ದು ನನ್ನ ಕಾಲು, ತೊಲೆಯ ಹಿಂದೆ, ಹೊಗೆ ಕಟ್ಟಿದ ಜೇಡರ ಬಲೆಯ ಇಲ್ಲಣದೊಳಕ್ಕೆ ಅದನ್ನು ತಳ್ಳಿದ್ದು ನನ್ನ ಕೈ.

ಅವತ್ತು ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ರೇಷ್ಮೆ ಹುಳು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಮೇಲೆತ್ತಿ, ಅಲುಗದೆ ನಿಂತು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕೈಲಾಂಚದ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿಗೆ ಬರುವ ಹಸಿವು ಎಂಟು ದಿನದ್ದು. ಆ ಎಂಟು ದಿನ ಮನೆಯಲ್ಲಿ ಯಾರಿಗೂ ಸೊಂಟ ನೆಲಕ್ಕೆ ಹಾಕಲು ಪುರುಸೊತ್ತಿಲ್ಲ. ನಾನು, ನಮ್ಮ ಯಜಮಾನರು, ಮಗ, ಸೊಸೆ, ನಾಲ್ಕು ಜನ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪಿಗೆ ಹೋಗುವುದು.

ಐದನೆಯವರು ನಮ್ಮ ಅತ್ತೆ. ತೊಂಬತ್ತು ದಾಟಿತ್ತು. ಎಷ್ಟು ದಾಟಿತ್ತು ಎಂದರೆ ಆಧಾರ್ ಕಾರ್ಡು ಒಂದು ಹೇಳುತ್ತಿತ್ತು, ಅವರು ಒಂದು ಹೇಳುತ್ತಿದ್ದರು. ಬಿದಿರಿನ ಕೋಲು ಊರಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು, ತಾವೇ ನೀರು ಹುಯ್ದುಕೊಳ್ಳುತ್ತಿದ್ದರು, ಜಗುಲಿ ಗುಡಿಸುತ್ತಿದ್ದರು. ಅಷ್ಟಕ್ಕೆ ನಿಂತಿದ್ದರೆ ಸರಿಯಿತ್ತು. ಹುಳುಮನೆಗೂ ಬರುತ್ತಿದ್ದರು. ಅವರ ಬಾಯಲ್ಲಿ ಯಾವಾಗಲೂ ಕಡ್ಡಿಪುಡಿ. ಅದು ಹೊಗೆಸೊಪ್ಪಿನದು. ಆ ಕೈ ಸೊಪ್ಪಿಗೆ ಸೋಕಿ, ಆ ಸೊಪ್ಪು ಹುಳುವಿನ ಹೊಟ್ಟೆ ಸೇರಿದರೆ ಹುಳು ಹಸಿರು ಕಕ್ಕಿ ಸೆಟೆದುಕೊಳ್ಳುತ್ತದೆ. ಹಿಂದಿನ ಬೆಳೆಯಲ್ಲಿ ಎರಡು ತಟ್ಟೆ ಹುಳು ಹಾಗೆ ಹೋಗಿತ್ತು. ಬೇಡ ಎಂದರೆ ಕೇಳುತ್ತಿರಲಿಲ್ಲ. ಎಪ್ಪತ್ತು ವರ್ಷ ಹುಳು ಮೇಯಿಸಿದವರಿಗೆ ಹುಳುಮನೆಗೆ ಬರಬೇಡಿ ಎಂದರೆ ಕೇಳುತ್ತಾರೆಯೇ?

ಕೋಲಿಲ್ಲದಿದ್ದರೆ ಬರುವುದಿಲ್ಲ ಎಂದುಕೊಂಡೆ. ಎಂಟೇ ದಿನ. ಹುಳು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಹತ್ತಿದ ಮೇಲೆ ಇಳಿಸಿ ಕೊಡೋಣ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

"ಅಮ್ಮಿ, ನನ್ ಕೋಲೆಲ್ಲಿ?"

"ಅಲ್ಲೇ ಎಲ್ಲೋ ಇರ್ಬೇಕು ಅತ್ತೆ. ನೀವ್ ಮಲೀಕಳಿ. ಏನ್ ಬೇಕು ಯೋಳಿ, ನಾನ್ ತಂದ್ಕೊಡ್ತೀನಿ."

ತಂದೂ ಕೊಟ್ಟೆ. ಊಟದ ತಟ್ಟೆ ಮಂಚಕ್ಕೆ, ನೀರಿನ ಚೊಂಬು ಮಂಚಕ್ಕೆ, ಕೊನೆಗೆ ಬೇಸಿನ್ನೂ ಮಂಚಕ್ಕೆ. ಮೊದಲ ದಿನ ಗೋಡೆ ಹಿಡಿದು ಮನೆಯೆಲ್ಲ ಹುಡುಕಿದರು. ಎರಡನೆಯ ದಿನ ನಡುಮನೆಯ ಬಾಗಿಲ ತನಕ. ಮೂರನೆಯ ದಿನ ಮಂಚದ ಅಂಚಿಗೆ ಬಂದು ಕೂತು, ಕಾಲು ಇಳಿಬಿಟ್ಟು, ನೆಲ ನೋಡಿ ಮತ್ತೆ ಮಲಗಿದರು. ನಾಲ್ಕನೆಯ ದಿನ ಕೋಲು ಕೇಳಲಿಲ್ಲ. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನಾನು ಇವತ್ತಿಗೂ ಮರೆತಿಲ್ಲ.

ಐದನೆಯ ದಿನ ಮಧ್ಯಾಹ್ನ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ. ಅಷ್ಟು ಹುಳು ಒಟ್ಟಿಗೆ ಮೇಯುವಾಗ ಬೇರೆ ಸದ್ದು ಕಿವಿಗೆ ಬೀಳುವುದಿಲ್ಲ. ಆದರೂ ಮನೆ ಕಡೆಯಿಂದ ಕೋಲು ಊರುವ ಸದ್ದು ಕೇಳಿತು. ಒಂದು ಹೆಜ್ಜೆ, ಒಂದು ಕೋಲು. ಒಂದು ಹೆಜ್ಜೆ, ಒಂದು ಕೋಲು. ಮುದುಕಿ ಇನ್ನೊಂದು ಕೋಲು ಹುಡುಕಿಕೊಂಡಿತೇ ಎಂದು ಕುಕ್ಕೆ ಬಿಟ್ಟು ಓಡಿದೆ. ಅತ್ತೆ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದರು. ಕಣ್ಣು ಬಿಟ್ಟುಕೊಂಡು ಮೂಲೆ ನೋಡುತ್ತಿದ್ದರು. ಮೂಲೆಯಲ್ಲಿ ರಾಗಿ ತುಂಬುತ್ತಿದ್ದ ಹಳೆಯ ಮಣ್ಣಿನ ವಾಡೆ ಬಿಟ್ಟರೆ ಏನಿಲ್ಲ. ಏಣಿ ಹಾಕಿ ಅಟ್ಟದ ಮೇಲೆ ನೋಡಿದೆ. ಕೋಲು ಇಟ್ಟ ಕಡೆಯೇ ಇತ್ತು.

ಇಲಿ ಇರಬೇಕು ಎಂದುಕೊಂಡು ಸೊಪ್ಪು ಹಾಕಲು ಹೋದೆ. ಇಲಿ ಕುಂಟುವುದಿಲ್ಲ ಎಂದು ನನಗೂ ಗೊತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಹುಳುವೆಲ್ಲ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತಿತ್ತು. ಕೋಲು ಇಳಿಸಿಕೊಂಡು ಅತ್ತೆಯ ಹತ್ತಿರ ಹೋದೆ.

"ಸಿಕ್ತು ನೋಡಿ ಅತ್ತೆ. ವಾಡೆ ಹಿಂದ್ಲೆ ಬಿದ್ದಿತ್ತು."

"ಹೂಂ," ಅಂದರು. ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ಅಂಟಿದ್ದ ಇಲ್ಲಣವನ್ನು ಬೆರಳಿನಿಂದ ಒಂದೊಂದೇ ಎಳೆಯಾಗಿ ಬಿಡಿಸಿ ಸೀರೆಗೆ ಒರೆಸಿಕೊಂಡರು. ಇಲ್ಲಣ ಕಟ್ಟುವುದು ಒಲೆಯ ಮೇಲಿನ ಅಟ್ಟದಲ್ಲಿ, ವಾಡೆಯ ಹಿಂದೆ ಅಲ್ಲ. ಅವರು ಮೇಲೆ ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಏಳಿ, ಬಚ್ಚಲಿಗೆ ಹೋಗಾನ."

ಕೋಲು ಊರಿದರು. ಎದ್ದರು ಅನ್ನುವಷ್ಟರಲ್ಲಿ ಎರಡು ಮಂಡಿಯೂ ಕುಸಿದವು. ನಾನು ಹಿಡಿಯದಿದ್ದರೆ ನೆಲಕ್ಕೆ. ಇನ್ನೊಂದು ಸಲ ನೋಡಿದೆವು, ಮತ್ತೊಂದು ಸಲ. ಕೋಲು ಬಂದಿತ್ತು, ಕಾಲು ಹೋಗಿತ್ತು.

ನಮ್ಮ ಯಜಮಾನರು ನೋಡಿ, "ವಯಸ್ಸಾಯ್ತು ಬುಡು. ಇನ್ನೆಷ್ಟು ಅಂತ ಓಡಾಡ್ತಾಳೆ ಅವ್ವ? ಮಲೀಕಳ್ಲಿ," ಅಂದರು. ಸೊಸೆ ರಾಮನಗರಕ್ಕೆ ಹೋದವಳು ಡೈಪರ್ ತಂದಳು. ಯಾರದೂ ಕೆಟ್ಟ ಮನಸ್ಸಲ್ಲ. ಡೈಪರ್ ಹಾಕಿದ ಮೇಲೆ ಅತ್ತೆ ಯಾರನ್ನೂ ಕರೆಯುವುದನ್ನೇ ಬಿಟ್ಟರು. ಒದ್ದೆಯಾದರೂ ಹೇಳುತ್ತಿರಲಿಲ್ಲ.

ಡೈಪರ್ ಹಾಕಿದ ಮೂರನೆಯ ದಿನ ಮೈ ಒರೆಸುವಾಗ ಬೆನ್ನಿನ ಕೊನೆಯಲ್ಲಿ, ಬಾಲದ ಮೂಳೆ ಇರುವ ಕಡೆ, ರೂಪಾಯಿ ಅಗಲ ಕೆಂಪಾಗಿದ್ದು ಕಂಡೆ. ಒತ್ತಿದರೆ ಬಿಳುಪಾಗದೆ ಕೆಂಪಗೇ ಉಳಿಯಿತು. ಮಲಗಿದವರ ಮೈ ಮೊದಲು ಒಡೆಯುವುದು ಅಲ್ಲೇ. ಊರಿನಲ್ಲಿ ಹಾಗೆ ಹೋದವರನ್ನು ತೊಳೆದಿದ್ದೇನೆ, ನನಗೆ ಗೊತ್ತು. ಅವತ್ತೇ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಕೂತೆ. ಆಕೆ ಫೋನು ಮಾಡಿದ ಮೇಲೆ ಎರಡು ದಿನಕ್ಕೆ ತಾಲ್ಲೂಕು ಆಸ್ಪತ್ರೆಯಿಂದ ಸ್ಕೂಟರಿನಲ್ಲಿ ಫಿಸಿಯೋ ಮೇಡಂ ಬಂದಳು. ಚಿಕ್ಕ ವಯಸ್ಸು, ಮಾತು ಮಾತ್ರ ಗಟ್ಟಿ.

"ಯಾವಾಗಿಂದ ಎದ್ದಿಲ್ಲ ಅಜ್ಜಿ?"

"ಹದಿನೈದು ದಿನ ಆಗ್ತಾ ಬಂತು," ಅಂದೆ.

"ಬಿದ್ರಾ?"

"ಇಲ್ಲ."

"ಜ್ವರ ಬಂದಿತ್ತಾ? ಬಾಯಿ ಸೊಟ್ಟ ಆಗೋದು, ಕೈ ಬಿದ್ದೋಗೋದು, ಅಂಥದ್ದೇನಾದ್ರೂ?"

"ಇಲ್ಲ."

"ಮತ್ತೆ ಯಾಕೆ ಮಲಗಿದ್ರು?"

ನಾನು ಅತ್ತೆಯ ಹೊದಿಕೆ ಸರಿಮಾಡಿದೆ. ಯಜಮಾನರು, "ವಯಸ್ಸಲ್ವೇನಮ್ಮ," ಅಂದರು.

"ಹದಿನೈದು ದಿನದ ಹಿಂದೆನೂ ಇದೇ ವಯಸ್ಸಿತ್ತಲ್ಲ ತಾತ," ಅಂದಳು.

ಅತ್ತೆಗೆ ನಗು ಬಂತು. ಅಷ್ಟು ದಿನದಲ್ಲಿ ಅದೇ ಮೊದಲು.

ಆ ಹುಡುಗಿ ಹೇಳಿಕೊಟ್ಟಿದ್ದನ್ನು ಹಾಗೇ ಬರೆಯುತ್ತೇನೆ, ಬೇರೆ ಮನೆಯವರಿಗೂ ಬೇಕಾದೀತು. ಮಂಚ ತಗ್ಗಾಗಿತ್ತು. ನಾಲ್ಕು ಕಾಲಿಗೂ ಇಟ್ಟಿಗೆ ಕೊಟ್ಟು ಮಂಡಿಯ ಮಟ್ಟಕ್ಕೆ ಎತ್ತಿಸಿದಳು. ತಗ್ಗಿನಿಂದ ಏಳುವುದು ಕಷ್ಟ, ಎತ್ತರದಿಂದ ಸುಲಭ. ಮಲಗಿದವರನ್ನು ಎಬ್ಬಿಸಿದ ತಕ್ಷಣ ನಿಲ್ಲಿಸಬಾರದು. ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಿಸಬೇಕು, ಇಲ್ಲದಿದ್ದರೆ ತಲೆ ಸುತ್ತಿ ಬೀಳುತ್ತಾರೆ. ಏಳುವಾಗ ಪಾದ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದಕ್ಕೆ ಬಾಗಬೇಕು. ಆಗ ಕುಂಡೆ ತಾನಾಗಿಯೇ ಮೇಲೆದ್ದು ಬರುತ್ತದೆ. ಕೈ ಹಿಡಿದು ಎಳೆಯಲೇಬಾರದು. ನಡುವಿಗೆ ಟವೆಲ್ ಕಟ್ಟಿ ಅದನ್ನು ಹಿಡಿದುಕೊಳ್ಳಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ದಿನಕ್ಕೆರಡು ಮೊಟ್ಟೆ, ಬೇಯಿಸಿದ ಹುರುಳಿಕಾಳು. ಡೈಪರ್ ಹಗಲು ಹೊತ್ತು ಬೇಡ, ಕರೆದುಕೊಂಡು ಹೋಗಿ. ಕೂತು ಏಳುವುದು ಹೊತ್ತಿಗೆ ಐದು ಸಲ, ದಿನಕ್ಕೆ ಮೂರು ಹೊತ್ತು.

"ಇವರು ಎಲ್ಲಿಗೆ ನಡೀಬೇಕು ನಿಮಗೆ?" ಎಂದು ಕೇಳಿದಳು.

"ಬಚ್ಚಲಿಗೆ. ಒಬ್ರೇ."

"ಎಷ್ಟು ಹೆಜ್ಜೆ?"

ಎಣಿಸಿರಲಿಲ್ಲ. ಇಬ್ಬರೂ ಎಣಿಸಿದೆವು. ಮಂಚದಿಂದ ಇಪ್ಪತ್ತೆರಡು ಹೆಜ್ಜೆ, ನಡುವೆ ಹಿತ್ತಿಲ ಬಾಗಿಲಿನ ಹೊಸಿಲು. ಇನ್ನು ನಮ್ಮ ಬೆಳೆ ಅದೇ ಎಂದುಕೊಂಡೆ. ಇಪ್ಪತ್ತೆರಡು ಹೆಜ್ಜೆ, ಒಂದು ಹೊಸಿಲು.

ಕೊನೆಗೆ ಕೋಲು ತೆಗೆದುಕೊಂಡು ಅತ್ತೆಯ ಮಗ್ಗುಲಿಗೆ ಹಿಡಿದು ನೋಡಿದಳು. ಕೋಲಿನ ತಲೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕಂತೆ. ಇದು ಎರಡು ಬೆರಳು ಉದ್ದ. ನನ್ನ ಮಗ ಗರಗಸ ತಂದ. ಅತ್ತೆ ಕೋಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರು.

"ಕುಯ್ಬ್ಯಾಡ ಕಣ್ಲಾ, ಬ್ಯಾಡ. ಅವ್ಳಿಗೆ ಗಿಡ್ಡ ಆಗೋಯ್ತದೆ."

"ಯಾರ್ಗಜ್ಜಿ?" ಅಂದ ಮಗ.

ಅತ್ತೆ ಮೂಲೆ ಕಡೆ ನೋಡಿದರು. ಮಗ ಕೊಯ್ದ, ತುದಿಗೆ ರಬ್ಬರು ಹಾಕಿದ.

ಕೂತು ಏಳಿಸುವ ಕೆಲಸ ಮಾರನೆಯ ದಿನವೇ ಶುರು ಮಾಡಿದೆ. ಎರಡು ಸಲ ಎದ್ದು ಮೂರನೆಯದಕ್ಕೆ ಕೂತುಬಿಟ್ಟರು.

"ಬಸ್ಕಿ ಹೊಡ್ಸಾಕೆ ನಾನೇನ್ ಇಸ್ಕೂಲ್ ಹೈಕ್ಳಾ?"

"ಮೇಡಂ ಐದ್ ಯೋಳವ್ಳೆ ಅತ್ತೆ."

"ಅವ್ಳೇ ಬಂದ್ ಹೊಡೀಲಿ."

ಹೀಗೆ ದಿನಕ್ಕೆ ನಾಲ್ಕು, ಮೂರು, ಕೆಲವು ದಿನ ಸೊನ್ನೆ. ನಾನು ಬೈದಿದ್ದೇನೆ, ತಟ್ಟೆ ಎದುರಿಗಿಟ್ಟು ಎದ್ದರೇ ಊಟ ಎಂದಿದ್ದೇನೆ. ಆದರೂ ಎರಡನೆಯ ವಾರದ ಕೊನೆಗೆ ಟವೆಲ್ ಹಿಡಿದುಕೊಂಡು ಆರು ಹೆಜ್ಜೆ ಹಾಕಿಸಿದೆ.

ಅದರ ಜೊತೆಗೆ ಇನ್ನೊಂದು ಶುರುವಾಗಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಮೂಲೆಯ ಜೊತೆ ಮಾತಾಡುತ್ತಿದ್ದರು. ದನಿ ಬೇರೆ, ಸಣ್ಣ ಹುಡುಗಿಯ ದನಿ. "ಕೊಡ್ತೀನಿ ತಾಳವ್ವ. ಈ ಬೆಳೆ ಮುಗೀಲಿ, ಕೊಡ್ತೀನಿ." ಒಂದು ದಿನ ನಾನು ದೀಪ ಹಿಡಿದು ಹತ್ತಿರ ಹೋದೆ.

"ಯಾರ್ ಜೊತೆ ಮಾತಾಡ್ತಿದ್ದೀರಿ?"

"ಕುಂತವ್ಳಲ್ಲ."

"ಯಾರು?"

"ನಿಂಗ್ ಗೊತ್ತಿಲ್ಲ. ನೀನ್ ಬರಾಕ್ ಮುಂಚೆ ಹೋದೋಳು."

ನಾನು ಅಂಥದ್ದಕ್ಕೆಲ್ಲ ಹೆದರುವವಳಲ್ಲ. ಮೂಲೆಗೆ ಹೋಗಿ ವಾಡೆಯ ಹಿಂದೆ ಪೊರಕೆ ಆಡಿಸಿ ತೋರಿಸಿದೆ. "ಯಾರಿಲ್ಲ ನೋಡಿ." ಅತ್ತೆ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. ಅವತ್ತಿನಿಂದ ಆ ಮೂಲೆ ಗುಡಿಸುವಾಗ ನಾನು ಬೆನ್ನು ಮಾತ್ರ ತಿರುಗಿಸುತ್ತಿರಲಿಲ್ಲ.

ಮೂರನೆಯ ವಾರ ಕೆಲಸ ಕೆಟ್ಟಿತು. ನಾನು ತೋಟಕ್ಕೆ ಹೋಗಿದ್ದೆ. ಅತ್ತೆ ಬಚ್ಚಲಿಗೆ ಎಂದಿದ್ದಾರೆ. ನಮ್ಮ ಯಜಮಾನರು ಹೆತ್ತವ್ವನ ಮೇಲಿನ ಅಕ್ಕರೆಗೆ ಎರಡೂ ಕೈ ಹಿಡಿದು ಎಳೆದು ಎಬ್ಬಿಸಿದ್ದಾರೆ. ಬಲಭುಜ ಉಳುಕಿ ಊದಿಕೊಂಡಿತು. ಕೋಲು ಹಿಡಿಯುವ ಕೈ ಅದೇ. ಹತ್ತು ದಿನ ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ. ಡೈಪರ್ ಮತ್ತೆ ಬಂತು. ನೋವಿಗೆ ಹಚ್ಚಿದ ಮುಲಾಮಿನ ವಾಸನೆ ಮನೆಯೆಲ್ಲ. ಜ್ವರವೂ ಬಂತು, ಮಾತು ಅಡ್ಡಾದಿಡ್ಡಿಯಾಯಿತು. ಫಿಸಿಯೋ ಮೇಡಂ ಬಂದು ಮೂತ್ರ ಪರೀಕ್ಷೆ ಮಾಡಿಸಿ ಎಂದಳು. ಮುದುಕರಿಗೆ ಅಲ್ಲಿ ಸೋಂಕಾದರೆ ಹೀಗೆ ಇಲ್ಲದವರು ಕಾಣುವುದುಂಟು ಎಂದಳು. ಸೋಂಕು ಇತ್ತು. ಡಾಕ್ಟರು ಕೊಟ್ಟ ಮಾತ್ರೆಗೆ ಜ್ವರ ಬಿಟ್ಟಿತು, ಹಗಲಿನ ಮಾತು ಸರಿಯಾಯಿತು. ಸಂಜೆಯ ಮಾತು ಹೋಗಲಿಲ್ಲ.

ಜೋಳಿಗೆ ಬಿಚ್ಚಿದ ದಿನ ಮೇಡಂ ಅತ್ತೆಯ ಮಂಡಿ ಚಾಚಿಸಿ ನೋಡಿದಳು. ಪೂರ್ತಿ ಚಾಚಲಿಲ್ಲ. ನನ್ನನ್ನು ಜಗುಲಿಗೆ ಕರೆದಳು.

"ಇನ್ನು ಹದಿನೈದು ದಿನ ಹೀಗೇ ಮಲಗಿದ್ರೆ ಮಂಡಿ ಮಡಚಿಕೊಂಡೇ ಉಳಿಯುತ್ತೆ ಅಜ್ಜಿ. ಆಮೇಲೆ ನಿಲ್ಲಿಸಕ್ಕೆ ಆಗಲ್ಲ. ಅವರಿಗೆ ಏನು ಮಾಡೋದು ಇಷ್ಟ? ವ್ಯಾಯಾಮ ಬಿಡಿ, ಯಾವುದಕ್ಕಾದ್ರೆ ಅವರಾಗೇ ಏಳ್ತಾರೆ?"

ಯಾವುದಕ್ಕೆ ಏಳುತ್ತಾರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೆ ಏಳಬಾರದು ಎಂದೇ ಅಲ್ಲವೇ ನಾನು ಕೋಲು ಎತ್ತಿಟ್ಟಿದ್ದು.

ಮುಂದಿನ ಬೆಳೆಯ ಚಾಕಿ ಹುಳು ಅಂದರೆ ಸಣ್ಣ ಹುಳು ಆ ವಾರವೇ ಮನೆಗೆ ಬಂದಿತ್ತು. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಯಜಮಾನರಿಗೆ ಹೇಳಿದೆ: "ಅತ್ತೇನ ಹುಳುಮನೆಗೆ ಕರ್ಕಂಡ್ ಹೋಯ್ತೀನಿ. ಹಣ್ಣಾದ ಹುಳ ಆರಿಸೋ ದಿನಕ್ಕೆ ಅವ್ರು ನಡ್ಕಂಡ್ ಬರ್ಬೇಕು."

"ತಲೆ ಗಿಲೆ ಕೆಟ್ಟೈತಾ? ಕಡ್ಡಿಪುಡಿ ಕೈಯ ಇಟ್ರೆ ಹುಳ ಸಾಯ್ತವೆ."

"ಸಾಯ್ಲಿ."

ಅವರು ಲೋಟ ಕೆಳಗಿಟ್ಟರು. ನಲವತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಬಾಯಲ್ಲಿ ಹುಳು ಸಾಯಲಿ ಅನ್ನುವ ಮಾತು ಅವರು ಕೇಳಿರಲಿಲ್ಲ. ಯಾಕೆ ಎಂದು ಕೇಳಿದ್ದರೆ ಅವತ್ತೇ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ.

ಅತ್ತೆಯ ಮಂಚದ ಹತ್ತಿರ ಹೋಗಿ ಕೂತೆ.

"ಹುಳುಮನೆಗೆ ಬತ್ತೀರಾ?"

"ನೀನ್ ಕರೀತಿದ್ದೀಯಾ? ಇಲ್ಲ ಮೂದಲಿಸ್ತಿದ್ದೀಯಾ?"

"ಕರೀತಿದ್ದೀನಿ. ಕಡ್ಡಿಪುಡಿ ಬುಡ್ಬೇಕು."

"ಹೋಗಮ್ಮಿ. ಅದು ನಿನ್ ಗಂಡ ಹುಟ್ಟಾಕ್ ಮುಂಚಿಂದು. ಅವನ್ನ ಬೇಕಾರೆ ಬುಡ್ತೀನಿ."

"ಅವ್ರನ್ನ ತಗಂಡ್ ನಾನೇನ್ ಮಾಡ್ಲಿ? ಕಡ್ಡಿಪುಡಿ ಬುಡಿ. ಮುಲಾಮು ಹಚ್ಚಂಗಿಲ್ಲ, ಹುಳಕ್ಕೆ ವಾಸ್ನೆ ಆಗಲ್ಲ. ನಡ್ಕಂಡೇ ಬರ್ಬೇಕು, ನಾನ್ ಎತ್ಕಂಡ್ ಹೋಗಲ್ಲ. ಆದ್ರೆ ಬನ್ನಿ, ಇಲ್ದಿದ್ರೆ ಮಲೀಕಳಿ."

ಅತ್ತೆ ದಿಂಬಿನ ಕೆಳಗೆ ಕೈ ಹಾಕಿ ಎಲೆಅಡಿಕೆ ಸಂಚಿ ಎಳೆದು ನನ್ನ ಮಡಿಲಿಗೆ ಎಸೆದರು. "ಅಡ್ಕೆ ಮಾತ್ರ ಕೊಡು. ಬಾಯಿ ಸುಮ್ಕಿರಲ್ಲ."

ನಾಲ್ಕು ದಿನ ಆ ಮನೆಯಲ್ಲಿ ಯಾರೂ ಬಾಳುವ ಹಾಗಿರಲಿಲ್ಲ. ಎಲ್ಲರಿಗೂ ಬೈಗುಳ, ಬೆಕ್ಕಿಗೂ ಬೈಗುಳ. ಐದನೆಯ ದಿನ ಸೀಗೆಕಾಯಿ ಹಾಕಿ ಅವರ ಎರಡೂ ಕೈ ಉಜ್ಜಿ, ಉಗುರು ಕತ್ತರಿಸಿ, ಮೂಸಿ ನೋಡಿದೆ. ಆರನೆಯ ದಿನ ಸೊಪ್ಪಿನ ಕಡ್ಡಿ ತಂದು ಕೊಟ್ಟೆ.

ಕೆಲಸ ಹೀಗೆ. ಅತ್ತೆ ಎತ್ತರದ ಕುರ್ಚಿಯ ಮೇಲೆ ಕೂತು ಕಡ್ಡಿಯಿಂದ ಎಲೆ ಬಿಡಿಸಬೇಕು. ಬಿಡಿಸಿದ್ದನ್ನು ಹಾಕುವ ಕುಕ್ಕೆಯನ್ನು ನಾನು ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ. ಕೂತು ಕೈ ಚಾಚಿದರೆ ಎಟುಕದು, ಎದ್ದರೆ ಎಟುಕುತ್ತದೆ. ಮೊದಲ ದಿನ ಮಡಿಲು ತುಂಬ ಎಲೆ ಗುಡ್ಡೆ ಹಾಕಿಕೊಂಡು ಕೂಗಿದರು: "ಕುಕ್ಕೆ ತಂದ್ ಇಲ್ಲಿ ಮಡುಗೇ, ಮೂದೇವಿ!" ನಾನು ಕಿವಿ ಕೇಳದವಳ ಹಾಗಿದ್ದೆ. ಎಲೆ ಬಾಡುತ್ತಿತ್ತು. ಬಾಡಿದ ಸೊಪ್ಪನ್ನು ಸಣ್ಣ ಹುಳು ತಿನ್ನುವುದಿಲ್ಲ ಎಂದು ಅವರಿಗೆ ಗೊತ್ತು. ಕುರ್ಚಿಯ ಕೈ ಒತ್ತಿ, ಮುಂದಕ್ಕೆ ಬಾಗಿ, ಎದ್ದರು. ಕುಕ್ಕೆಗೆ ಸುರಿದು ಕೂತರು. ನಾನು ಬಾಗಿಲ ಹಿಂದೆ ನಿಂತು ಎಣಿಸಿದೆ. ಆ ಬೆಳಿಗ್ಗೆ ಏಳು ಸಲ. ವಾರ ಕಳೆಯುವ ಹೊತ್ತಿಗೆ ಎಣಿಸುವುದನ್ನು ಬಿಟ್ಟೆ.

ಹೊಸಿಲು ದಾಟಿಸಲು ಇನ್ನೂ ನಾಲ್ಕು ದಿನ ಹಿಡಿಯಿತು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅದನ್ನು ಅವರು ಮರೆಯುತ್ತಿದ್ದರು, ನಾನು ಹಿಂದಿನಿಂದ ಟವೆಲ್ ಜಗ್ಗಿ ನೆನಪಿಸುತ್ತಿದ್ದೆ. ಎರಡು ಸಲ ತಡವರಿಸಿದರು, ಒಂದು ಸಲ ಇಬ್ಬರೂ ಗೋಡೆಗೆ ಒರಗಿದೆವು. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದ ದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಕೋಲಿನ ಸದ್ದು ಬಂತು. ರಬ್ಬರು ಹಾಕಿದ್ದರಿಂದ ಮೆತ್ತಗಿನ ಸದ್ದು. ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಹಿತ್ತಿಲ ಬಾಗಿಲು ಕಿರುಗುಟ್ಟಿತು. ಆಮೇಲೆ ಬಚ್ಚಲ ಚಿಲಕ ಒಳಗಿನಿಂದ ಬಿತ್ತು.

ಓಡಿದೆ. ಚಿಲಕ ಹಾಕಬಾರದು ಎಂದು ಮೇಡಂ ಹತ್ತು ಸಲ ಹೇಳಿದ್ದಳು.

"ಅತ್ತೆ! ಚಿಲ್ಕ ಯಾಕೆ? ಬಿದ್ರೆ ಏನ್ ಗತಿ?"

"ನಿನ್ ಮೂತಿ ನೋಡ್ಕಂಡ್ ಕುಂತ್ಕಂಡ್ರೆ ನಂಗ್ ಬರಾಕಿಲ್ಲ. ಹೋಗ್ ಅತ್ಲಾಗೆ."

ಹೊರಗೆ ಕಲ್ಲಿನ ಮೇಲೆ ಕೂತೆ. ಒಳಗೆ ನೀರು ಹುಯ್ಯುವ ಸದ್ದು ಕೇಳುವ ತನಕ ಅಲ್ಲಿಂದ ಏಳಲಿಲ್ಲ. ಅವತ್ತು ಉಳಿದ ಡೈಪರ್‌ಗಳನ್ನು ಸೊಸೆ ಆಶಾ ಕಾರ್ಯಕರ್ತೆಗೆ ಕೊಟ್ಟು ಬಂದಳು.

ಹುಳು ಹಣ್ಣಾದ ದಿನ ಬಚ್ಚಲು ದಾಟಿ ಇನ್ನೂ ನಲವತ್ತು ಹೆಜ್ಜೆ ನಡೆದು ಅತ್ತೆ ಹುಳುಮನೆಗೆ ಬಂದರು. ನಡುವೆ ಮೂರು ಕಡೆ ನಾನು ಸ್ಟೂಲು ಇಟ್ಟಿದ್ದೆ. ಎರಡರಲ್ಲಿ ಕೂತರು, ಮೂರನೆಯದನ್ನು ಕೋಲಿನಿಂದ ಪಕ್ಕಕ್ಕೆ ತಳ್ಳಿದರು. ತಟ್ಟೆಯ ಮುಂದೆ ಕೂರಿಸಿದೆ. ಹಣ್ಣಾದ ಹುಳು ಸೊಪ್ಪು ಬಿಟ್ಟು, ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವ ಹಾಗಿರುತ್ತದೆ. ನಾವು ಕಣ್ಣಿನಲ್ಲಿ ನೋಡಿ ಆರಿಸುತ್ತೇವೆ. ಅತ್ತೆಗೆ ಅಷ್ಟು ಕಣ್ಣು ಕಾಣುತ್ತಿರಲಿಲ್ಲ. ಬೆರಳಿನಲ್ಲಿ ಮುಟ್ಟಿ ಆರಿಸಿದರು. ಹಸಿ ಹುಳು ತಣ್ಣಗೆ ಬಿಗಿ, ಹಣ್ಣು ಮೆತ್ತಗೆ. ನಾನು ಹತ್ತು ಆರಿಸುವಲ್ಲಿ ಅವರು ಹದಿನೈದು. ಒಂದೂ ತಪ್ಪಲಿಲ್ಲ.

ಉಳಿದವರು ಚಂದ್ರಿಕೆ ತರಲು ಹೋಗಿದ್ದರು. ಇಬ್ಬರೇ ಇದ್ದೆವು. ಸಂಜೆಯ ಬಿಸಿಲು ಜಾಲರಿಯಿಂದ ಒಳಗೆ ಬರುತ್ತಿತ್ತು. ಹೇಳಿಬಿಡೋಣ ಎನಿಸಿತು.

"ಅತ್ತೆ, ಕೋಲು ವಾಡೆ ಹಿಂದ್ಲೆ ಬಿದ್ದಿರ್ನಿಲ್ಲ. ನಾನೇ ಎತ್ತಿಟ್ಟಿದ್ದೆ."

ಅವರ ಕೈ ನಿಲ್ಲಲಿಲ್ಲ. "ಗೊತ್ತು ಕಣಮ್ಮಿ. ಅಟ್ಟದ ಮ್ಯಾಲೆ. ತೊಲೆ ಹಿಂದ್ಲೆ."

"ಇಲ್ಲಣ ನೋಡಿ ಗೊತ್ತಾಯ್ತಾ?"

"ಅದ್ಕೂ ಮುಂಚೇನೆ. ಎಲ್ಲಾ ಕಡೆ ಹುಡುಕ್ದೆ. ಎಲ್ಲೂ ಇಲ್ಲ ಅಂದ್ರೆ ಅಲ್ಲೇ ಇರ್ಬೇಕು."

"ಅಲ್ಲೇ ಅಂತ ಎಂಗ್ ಗೊತ್ತು?"

ಒಂದು ಹುಳುವನ್ನು ಬೆರಳ ತುದಿಯಲ್ಲಿ ಮುಟ್ಟಿ, ಇನ್ನೂ ಆಗಿಲ್ಲ ಎಂದು ಬಿಟ್ಟರು.

"ನಾನೂ ಅಲ್ಲೇ ಮಡುಗಿದ್ದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಮ್ಮತ್ತೇದು. ಇದೇ ಕೋಲು. ಅವ್ಳೂ ಕಡ್ಡಿಪುಡಿ ಹಾಕೋಳು, ಹುಳ ಸತ್ತೋಯ್ತಿದ್ವು. ಈ ಬೆಳೆ ಮುಗೀಲಿ ಕೊಡಾನ ಅಂತ ಮ್ಯಾಲೆ ಮಡುಗ್ದೆ. ಬೆಳೆ ಮುಗೀತು, ಕೊಟ್ಟೆ. ಅವ್ಳು ಏಳ್ಲಿಲ್ಲ. ಆಗ ಯಾವ್ ಮೇಡಮ್ಮೂ ಇರ್ನಿಲ್ಲ. ಬೆನ್ನೆಲ್ಲ ಹುಣ್ಣಾಗಿ ಹೋದ್ಲು."

"ಗೊತ್ತಾದ್ ಮ್ಯಾಲೆ ಇಳಿಸ್ಕೊಡು ಅಂತ ಯಾಕ್ ಕೇಳ್ನಿಲ್ಲ? ಕೇಳಿದ್ರೆ ಕೊಟ್ಬುಡ್ತಿದ್ದೆ."

"ಯಾವ್ ಬಾಯಲ್ಲಿ ಕೇಳ್ಲಿ? ಅವ್ಳು ಮೂಲೇಲಿ ಕುಂತ್ಕಂಡ್ ನೋಡ್ತಾವ್ಳೆ."

ಕೈಯಲ್ಲಿದ್ದ ಹುಳುವನ್ನು ತಟ್ಟೆಗೆ ಬಿಟ್ಟೆ. ಕೇಳಿದೆ: "ಈಗ್ಲೂ ಅಲ್ಲೇ ಕುಂತವ್ಳಾ?"

ಅತ್ತೆ ತಲೆಯೆತ್ತಿದರು. ಮಸುಕು ಕಣ್ಣು ನನ್ನ ಮುಖದ ಮೇಲೆ ನಿಲ್ಲದೆ ಒಂದು ಗೇಣು ಎಡಕ್ಕೆ ಸರಿದು ನಿಂತಿತು.

"ಇಲ್ಲ. ನಿನ್ ಪಕ್ಕದಲ್ಲಿ ಕುಂತವ್ಳೆ. ಒಸಿ ಸರ್ಕೊ, ಅವ್ಳೂ ಆರಿಸ್ಲಿ."

ಎಡಕ್ಕೆ ನೋಡಿದೆ. ಸೊಪ್ಪಿನ ಕುಕ್ಕೆ ಇತ್ತು, ನೆಲದ ಮೇಲೆ ಬಿಸಿಲಿತ್ತು. ನಾನು ಅಂಥದ್ದಕ್ಕೆಲ್ಲ ಹೆದರುವವಳಲ್ಲ. ಆದರೆ ಒಂದು ಮೊಳ ಸರಿದು ಕೂತೆ.

ಅದಾದ ಮೇಲೆ ಅತ್ತೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆದರು. ಎಲ್ಲ ದಿನವೂ ಚೆನ್ನಾಗಿ ಅಲ್ಲ. ಮಳೆಗಾಲದಲ್ಲಿ ಮಂಡಿ ಹಿಡಿದುಕೊಳ್ಳುತ್ತಿತ್ತು, ಒಂದು ಸಲ ಬಿದ್ದು ಹಣೆ ಒಡೆದುಕೊಂಡರು. ಆದರೆ ಹೋದ ದಿನವೂ ಬೆಳಿಗ್ಗೆ ಬಚ್ಚಲಿಗೆ ತಾವೇ ಹೋಗಿ, ಚಿಲಕ ಹಾಕಿಕೊಂಡು, ಮುಖ ತೊಳೆದು ಬಂದು ಮಲಗಿದ್ದರು. ಕೋಲನ್ನು ಚಟ್ಟದ ಜೊತೆ ಕಳಿಸೋಣ ಎಂದು ಯಜಮಾನರು ಕೇಳಿದರು. ಬೇಡ ಎಂದೆ. ಅವರ ಮಂಚದ ಪಕ್ಕದ ಗೋಡೆಗೆ, ಕೂತರೆ ಕೈಗೆಟುಕುವ ಎತ್ತರದಲ್ಲಿ ಮೊಳೆ ಹೊಡೆಸಿ ಅಲ್ಲೇ ತೂಗಿಹಾಕಿದೆ. ಅಟ್ಟದ ಏಣಿ ಒಡೆದು ಒಲೆಗೆ ಹಾಕಿದೆ.

ಈಗ ಆ ಮಂಚ ನನ್ನದು. ಹೋದ ತಿಂಗಳು ಎಡಮಂಡಿ ಊದಿಕೊಂಡಿತ್ತು. ಹುಳು ನಾಲ್ಕನೇ ಜ್ವರದಿಂದ ಎದ್ದ ದಿನವೇ. ಸೊಸೆ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಮಂಚದ ಹತ್ತಿರ ಬಂದಳು.

"ಅತ್ತೆ, ನೀವ್ ಈ ಎಂಟ್ ದಿನ ಹುಳುಮನೆ ಕಡೀಕ್ ಬರ್ಬ್ಯಾಡಿ. ಆರಾಮಾಗಿ ಮಲೀಕಳಿ. ಏನ್ ಬೇಕೋ ಯೋಳಿ, ನಾನ್ ತಂದ್ಕೊಡ್ತೀನಿ."

ಅವಳದು ಒಳ್ಳೆಯ ಮನಸ್ಸು. ನನ್ನದೂ ಒಳ್ಳೆಯದೇ ಇತ್ತು.

ಕಾಫಿ ಕುಡಿದೆ. ಪಾದ ಹಿಂದಕ್ಕೆ ಎಳೆದುಕೊಂಡೆ, ಮುಂದಕ್ಕೆ ಬಾಗಿದೆ, ಮೊಳೆಯಿಂದ ಕೋಲು ತೆಗೆದುಕೊಂಡು ಎದ್ದೆ. ಅತ್ತೆಗಿಂತ ನಾನು ಎತ್ತರ, ಕೋಲು ನನಗೆ ಎರಡು ಬೆರಳು ಗಿಡ್ಡ. ಬಗ್ಗಿಯೇ ನಡೆಯಬೇಕು. ವಾಡೆಯ ಮೂಲೆಯನ್ನು ನೋಡದೆ ಹಿತ್ತಿಲ ಹೊಸಿಲು ದಾಟಿದೆ. ಒಂದು ಹೆಜ್ಜೆ, ಒಂದು ಕೋಲು.